ಸರ್ಕಾರಿ ಬಸ್ಸಿನ ಕನ್ನಡ

ಒಂದು ಭಾಷೆಯ ಪದಸಂಪತ್ತನ್ನು ಪರಿಶೀಲಿಸುವವರು ಕಾವ್ಯಗಳನ್ನೂ ಶಾಸನಗಳನ್ನೂ ನಿಘಂಟುಗಳನ್ನೂ ಮೊದಲು ತೆರೆದು ನೋಡುವುದು ವಾಡಿಕೆ. ಅದು ಯುಕ್ತವೇ ಸರಿ. ಆದರೆ ಹೊಸ ಪದಗಳು ಹುಟ್ಟಿ, ಜನರ ಬಾಯಲ್ಲಿ ಪರೀಕ್ಷೆಗೊಳಗಾಗಿ, ಕೆಲವು ನಿಂತು ಕೆಲವು ಬಿದ್ದುಹೋಗುವ ಸ್ಥಳಗಳು ನಮ್ಮ ಕಾಲದಲ್ಲಿ ಬೇರೆಯಾಗಿವೆ. ಅವುಗಳಲ್ಲಿ ಸರ್ಕಾರದ ಬಸ್ಸು ಮುಖ್ಯವಾದುದೊಂದು. ಪುಸ್ತಕವನ್ನು ಕೈಯಲ್ಲಿ ಹಿಡಿಯದವನೂ ಬಸ್ಸಿನ ಹಣೆಯ ಮೇಲಿನ ಬರಹವನ್ನು ಓದಲೇಬೇಕು; ಓದು ಬಾರದವನು ಪಕ್ಕದವರಿಂದ ಓದಿಸಿಕೊಂಡಾದರೂ ತಿಳಿಯಬೇಕು. ಆ ಬರಹದ ಕನ್ನಡವನ್ನೂ, ಬಸ್ಸಿನೊಳಗೆ ಕೇಳಿಬರುವ ಕನ್ನಡವನ್ನೂ ಒಟ್ಟಿಗೆ ಇಟ್ಟು ನೋಡುವುದು ಪ್ರಕೃತ ಲೇಖನದ ಉದ್ದೇಶ. ಸಾರಿಗೆಯ ಇಲಾಖೆಯು ಕೊಟ್ಟ ಪದಗಳಲ್ಲಿ ಯಾವುವು ನೆಲೆಗೊಂಡುವು, ಯಾವುವು ಕಾಗದದಲ್ಲಿಯೇ ಉಳಿದುವು, ಅದಕ್ಕೆ ಕಾರಣವೇನು ಎಂಬುದೇ ಇಲ್ಲಿಯ ಪ್ರಶ್ನೆ. ಕಾರಣವು ಪದಗಳ ಅಂದಚೆಂದಗಳಲ್ಲಿ ಇರುವುದಕ್ಕಿಂತ ಹೆಚ್ಚಾಗಿ ಕಾಲಕ್ರಮದಲ್ಲಿದೆಯೆಂದು ನನಗೆ ತೋರುತ್ತದೆ. ಆದುದರಿಂದ ಮೊದಲು ಚರಿತ್ರೆಯನ್ನು ನಾಲ್ಕು ಮಾತುಗಳಲ್ಲಿ ಹೇಳಬೇಕಾಗಿದೆ.

ಕನ್ನಡನಾಡಿನಲ್ಲಿ ಮೋಟಾರು ಬಸ್ಸನ್ನು ಮೊದಲು ಓಡಿಸಿದವರು ಖಾಸಗಿ ವರ್ತಕರು. ಮಂಗಳೂರಿನ ಕೆನರಾ ಪಬ್ಲಿಕ್ ಕನ್ವೇಯನ್ಸ್ ಸಂಸ್ಥೆಯು ೧೯೧೪ರಲ್ಲಿಯೇ ಸ್ಥಾಪಿತವಾಯಿತು. ಸರ್ಕಾರವೇ ಬಸ್ಸು ನಡೆಸುವ ಪದ್ಧತಿಯು ನಮ್ಮಲ್ಲಿ ಮೊದಲು ಬಂದುದು ಹೈದರಾಬಾದು ಸಂಸ್ಥಾನಕ್ಕೆ: ೧೯೩೨ರಲ್ಲಿ ನಿಜಾಮರ ರೈಲ್ವೆಯ ಒಂದು ಶಾಖೆಯಾಗಿ ೨೭ ಬಸ್ಸುಗಳಿಂದ ಅದು ಪ್ರಾರಂಭವಾಯಿತು. ಕಲಬುರಗಿ, ರಾಯಚೂರು, ಬೀದರ ಜಿಲ್ಲೆಗಳು ಆಗ ಆ ಸಂಸ್ಥಾನದಲ್ಲಿದ್ದುವಷ್ಟೆ. ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆಯು ೧೯೪೮ರ ಸೆಪ್ಟೆಂಬರ್ ೧೨ರಂದು ೧೨೦ ಬಸ್ಸುಗಳೊಡನೆ ಆರಂಭಗೊಂಡಿತು. ಅದೇ ವರ್ಷ ಜೂನ್ ಒಂದರಂದು ಮುಂಬಯಿ ಪ್ರಾಂತದ ಸರ್ಕಾರಿ ಬಸ್ಸು ಪುಣೆಯಿಂದ ಅಹಮದನಗರಕ್ಕೆ ಹೊರಟಿತ್ತು. ಬೆಳಗಾವಿ, ಧಾರವಾಡ, ವಿಜಯಪುರಗಳು ಆ ಪ್ರಾಂತಕ್ಕೆ ಸೇರಿದುವು. ಹೀಗೆ ೧೯೫೬ರ ನವೆಂಬರಿನಲ್ಲಿ ಕನ್ನಡ ಪ್ರದೇಶಗಳು ಒಂದಾದಾಗ ಒಂದೇ ನಾಡಿನಲ್ಲಿ ಹಲವು ಆಡಳಿತಗಳ ಬಸ್ಸುಗಳೂ, ಅವುಗಳೊಡನೆ ಹಲವು ಬಗೆಯ ಮಾತುಗಳೂ ಕೂಡಿದುವು. ೧೯೬೧ರ ಆಗಸ್ಟಿನಲ್ಲಿ ಇಲಾಖೆಯು ನಿಗಮವಾಯಿತು. ೧೯೭೩ರಲ್ಲಿ ರಾಜ್ಯದ ಹೆಸರಿನೊಡನೆ ಅದರ ಹೆಸರೂ ಕರ್ನಾಟಕವೆಂದಾಯಿತು. ೧೯೯೭ರಲ್ಲಿ ಬೆಂಗಳೂರು ನಗರದ ಸಂಸ್ಥೆಯೂ ವಾಯವ್ಯ ಭಾಗದ ಸಂಸ್ಥೆಯೂ ಬೇರೆಯಾದುವು. ೨೦೦೦ದಲ್ಲಿ ಈಶಾನ್ಯದ ಸಂಸ್ಥೆಯು ಬೇರೆಯಾಗಿ, ೨೦೨೧ರಲ್ಲಿ ಕಲ್ಯಾಣ ಕರ್ನಾಟಕವೆಂಬ ಹೆಸರನ್ನು ಪಡೆಯಿತು. ಇಷ್ಟು ಸಾಕು.

ಇದರಲ್ಲಿ ನಮಗೆ ಮುಖ್ಯವಾದ ಅಂಶ ಒಂದೇ. ಮೈಸೂರಿನಲ್ಲಿ ಸರ್ಕಾರವು ಬಸ್ಸು ನಡೆಸಲು ತೊಡಗುವುದಕ್ಕೆ ಎಷ್ಟೋ ವರ್ಷ ಮೊದಲೇ ಜನರು ಬಸ್ಸು ಹತ್ತಿ ಇಳಿದಿದ್ದರು. ಯುದ್ಧಕಾಲದಲ್ಲಿ ಪೆಟ್ರೋಲು ಸಾಲದೆ ಇದ್ದಿಲಿನ ಅನಿಲದಿಂದ ಓಡುತ್ತಿದ್ದ ಬಸ್ಸುಗಳನ್ನು ಹಿಂದಿನಿಂದ ತಳ್ಳಿಯೂ ಇದ್ದರು. ಬಸ್ಸು, ಡ್ರೈವರು, ಕಂಡಕ್ಟರು, ಟಿಕೇಟು, ಲಗೇಜು, ಸ್ಟಾಪು ಎಂಬ ಪದಗಳು ಆಗಲೇ ಅವರವಾಗಿದ್ದುವು. ಇಲಾಖೆಯು ತನ್ನ ಪದಗಳನ್ನು ತಂದುದು ಆಮೇಲೆ.

ಬಸ್ಸು ಎಂಬ ಪದವನ್ನೇ ಮೊದಲು ನೋಡೋಣ. ಲ್ಯಾಟಿನ್ ಭಾಷೆಯಲ್ಲಿ 'ಓಮ್ನಿಬಸ್' ಎಂದರೆ 'ಎಲ್ಲರಿಗೆ' ಎಂದರ್ಥ. ಅದು ಚತುರ್ಥೀ ಬಹುವಚನದ ರೂಪ. ಹತ್ತೊಂಬತ್ತನೆಯ ಶತಮಾನದ ಮೂರನೆಯ ದಶಕದಲ್ಲಿ ಫ್ರಾನ್ಸಿನ ನಾಂಟ್ ನಗರದಲ್ಲಿ ಸರ್ವಜನರಿಗೂ ತೆರೆದಿದ್ದ ಕುದುರೆಗಾಡಿಗೆ ಈ ಹೆಸರು ಬಂದಿತು. ಇಂಗ್ಲಿಷರು ಅದನ್ನು ಮೊಟಕು ಮಾಡಿದಾಗ ಉಳಿದುದು ಪ್ರಕೃತಿಯಲ್ಲ, ಬರಿಯ ವಿಭಕ್ತಿಪ್ರತ್ಯಯ! ನಾವು 'ಎಲ್ಲರಿಗೆ' ಎಂಬುದನ್ನು ಕತ್ತರಿಸಿ 'ಗೆ' ಎಂಬುದನ್ನು ಮಾತ್ರ ಒಂದು ವಾಹನದ ಹೆಸರಾಗಿಟ್ಟುಕೊಂಡಂತೆ ಇದು. ವಿಭಕ್ತಿಗಳನ್ನು ಪಾಠ ಹೇಳುವ ಉಪಾಧ್ಯಾಯರಿಗೆ ಇದಕ್ಕಿಂತ ವಿನೋದವಾದ ಉದಾಹರಣೆ ಸಿಕ್ಕುವುದು ಕಷ್ಟ. ಆ ಪ್ರತ್ಯಯವು ಕನ್ನಡಕ್ಕೆ ಬಂದಮೇಲೆ ನಮ್ಮ ವ್ಯಾಕರಣಕ್ಕೆ ತಲೆಬಾಗಿತು. ಹ್ರಸ್ವಸ್ವರದ ಮುಂದೆ ಬರುವ ಕೊನೆಯ ವ್ಯಂಜನವು ಉಕಾರ ಸೇರುವಾಗ ಇಮ್ಮಡಿಯಾಗುವುದು ಏಕಾಕ್ಷರ ಶಬ್ದಗಳಲ್ಲಿ ನಮ್ಮ ಪದ್ಧತಿ: ಕಣ್ ಎಂಬುದು ಕಣ್ಣು, ಕಲ್ ಎಂಬುದು ಕಲ್ಲು. ದೀರ್ಘದ ಮುಂದೆ ಹಾಗಿಲ್ಲ: ಕಾಲ್ ಎಂಬುದು ಕಾಲು, ನೂಲ್ ಎಂಬುದು ನೂಲು. ಹಾಗೆಯೇ ಬಸ್ ಎಂಬುದು ಬಸ್ಸು. ಪಾಸ್ ಎಂಬುದು ಪಾಸು. ಯಾವ ಪಂಡಿತನೂ ಇದನ್ನು ಯಾರಿಗೂ ಕಲಿಸಲಿಲ್ಲ. ಇಂತಹ ಪದವನ್ನು ಇನ್ನೂ ಅನ್ಯದೇಶ್ಯವೆಂದು ಬಾಗಿಲಲ್ಲಿ ನಿಲ್ಲಿಸುವುದು ನ್ಯಾಯವಲ್ಲ.

ಕಂಡಕ್ಟರು ಎಂಬ ಪದದ ಕಥೆ ಇನ್ನೂ ಸ್ವಾರಸ್ಯವಾದುದು. ಇಲಾಖೆಯು ಈ ನೌಕರನಿಗೆ ನಿರ್ವಾಹಕನೆಂದೂ, ಡ್ರೈವರಿಗೆ ಚಾಲಕನೆಂದೂ ಹೆಸರಿಟ್ಟಿತು. ಎರಡೂ ನಿರ್ದುಷ್ಟವಾದ ಸಂಸ್ಕೃತ ಶಬ್ದಗಳು. ವೃತ್ತಪತ್ರಿಕೆಗಳೂ ನೇಮಕದ ಪ್ರಕಟಣೆಗಳೂ ಅವುಗಳನ್ನು ನಿತ್ಯವೂ ಬಳಸುತ್ತವೆ. ಆದರೆ ಬಸ್ಸಿನಲ್ಲಿ ಕುಳಿತ ಯಾವ ಪ್ರಯಾಣಿಕನೂ "ನಿರ್ವಾಹಕರೇ" ಎಂದು ಕೂಗಿದುದನ್ನು ನಾನು ಕೇಳಿಲ್ಲ. "ಕಂಡಕ್ಟ್ರೇ" ಎಂದೇ ಕೂಗುತ್ತಾರೆ. ಇದಕ್ಕೆ ಕಾರಣ ಇಂಗ್ಲಿಷಿನ ಮೋಹವೆಂದು ಹೇಳುವುದು ಸುಲಭ. ಆದರೆ ಇಂಗ್ಲಿಷಿನ ಒಂದಕ್ಷರವನ್ನೂ ಅರಿಯದ ಮುದುಕಿಯೂ ಹಾಗೆಯೇ ಕೂಗುತ್ತಾಳಲ್ಲ! ನಿಜವಾದ ಕಾರಣಗಳಲ್ಲೊಂದು ವ್ಯಾಕರಣದಲ್ಲಿಯೇ ಇದೆಯೆಂದು ನನ್ನ ಊಹೆ. ಇಂಗ್ಲಿಷಿನಲ್ಲಿ ಕರ್ತೃವನ್ನು ಸೂಚಿಸುವ 'ಅರ್' ಎಂಬ ಧ್ವನಿಯು ಕನ್ನಡದ ಬಹುವಚನ ಪ್ರತ್ಯಯದೊಡನೆ ಆಕಸ್ಮಿಕವಾಗಿ ಕೂಡಿಹೋಗುತ್ತದೆ. ಕಂಡಕ್ಟರ್ ಎಂಬುದಕ್ಕೆ ಉಕಾರ ಸೇರಿದೊಡನೆ ಅದು ತಾನಾಗಿಯೇ ಗೌರವದ ಬಹುವಚನವಾಗಿ ಕಿವಿಗೆ ಬೀಳುತ್ತದೆ: ಕಂಡಕ್ಟರು ಬಂದರು, ಡಾಕ್ಟರು ಹೇಳಿದರು, ಮೇಷ್ಟರು ಹೊಡೆದರು. ನಿರ್ವಾಹಕ ಎಂಬುದಾದರೋ ಏಕವಚನದಲ್ಲಿ ನಿಂತಿರುವ ಶಬ್ದ. ಮರ್ಯಾದೆಯನ್ನು ಅದಕ್ಕೆ ಬೇರೆಯಾಗಿ ಹಚ್ಚಬೇಕು. ಮರ್ಯಾದೆಯು ಪದದೊಳಗೇ ಅಡಗಿ ಬಂದಿರುವಾಗ ಜನರು ಇನ್ನೊಂದನ್ನು ಏಕೆ ಹುಡುಕುವರು?

ಇಲಾಖೆಯಾದರೂ ತನ್ನ ಪದಗಳಲ್ಲಿ ಪೂರ್ಣ ಶ್ರದ್ಧೆಯನ್ನು ಇಟ್ಟಿತೆಂದು ಹೇಳುವಂತಿಲ್ಲ. ಎರಡು ಕೆಲಸಗಳನ್ನೂ ಒಬ್ಬನೇ ಮಾಡುವ ಹುದ್ದೆಗೆ ಅದರ ಪ್ರಕಟಣೆಗಳಲ್ಲಿ 'ಚಾಲಕ ಕಂ ನಿರ್ವಾಹಕ' ಎಂದು ಹೆಸರು. ಎರಡು ಸಂಸ್ಕೃತ ಶಬ್ದಗಳ ನಡುವೆ ಲ್ಯಾಟಿನ್ನಿನ ಒಂದು ಅವ್ಯಯ! ಅರಿಸಮಾಸವನ್ನು ವಿಚಾರಿಸಿದ ಕೇಶಿರಾಜನು ಈ ಸಮಾಸವನ್ನು ಕಂಡಿದ್ದರೆ ಶಬ್ದಮಣಿದರ್ಪಣದಲ್ಲಿ ಇನ್ನೊಂದು ಸೂತ್ರವನ್ನು ಬರೆಯಬೇಕಾಗುತ್ತಿತ್ತು.

ಹೀಗೆಂದು ಇಲಾಖೆಯ ಪದಗಳೆಲ್ಲ ಸೋತುವೆಂದು ತಿಳಿಯಬಾರದು. 'ಸಾರಿಗೆ' ಎಂಬುದನ್ನೇ ನೋಡಬಹುದು. 'ಏಳ್' ಧಾತುವಿನಿಂದ 'ಏಳಿಗೆ' ಆದಂತೆ, ಹತ್ತಿರಕ್ಕೆ ಹೋಗು ಎಂಬರ್ಥದ ಹಳಗನ್ನಡದ 'ಸಾರ್' ಧಾತುವಿನಿಂದ ಇದು ಸಿದ್ಧವಾಗಿದೆ. ಊರಿಂದೂರಿಗೆ ಜನರನ್ನೂ ಸರಕನ್ನೂ ಸಾಗಿಸುವ ವ್ಯವಸ್ಥೆಯನ್ನೆಲ್ಲ ಒಂದೇ ಮಾತಿನಲ್ಲಿ ಹೇಳುವ ಅಗತ್ಯ ಜನರಿಗೆ ಮೊದಲು ಇರಲಿಲ್ಲ. ಅಗತ್ಯವು ವ್ಯವಸ್ಥೆಯೊಡನೆಯೇ ಬಂದಿತು. ಬಂದಾಗ ಪದವು ಬಸ್ಸಿನ ಮೈಮೇಲೆ ಬರೆದು ಸಿದ್ಧವಾಗಿತ್ತು. ಅದು ಎಷ್ಟರ ಮಟ್ಟಿಗೆ ಜನರದಾಯಿತೆಂಬುದಕ್ಕೆ ಕೊಪ್ಪದಲ್ಲಿ ೧೯೯೧ರಲ್ಲಿ ಕಾರ್ಮಿಕರೇ ಕೂಡಿ ಕಟ್ಟಿ ೨೦೨೦ರವರೆಗೆ ನಡೆಸಿದ ಬಸ್ಸುಗಳೇ ಸಾಕ್ಷಿ. ಸರ್ಕಾರಕ್ಕೆ ಸೇರದ ಆ ಸಂಸ್ಥೆಯನ್ನು ಮಲೆನಾಡಿನವರೆಲ್ಲರೂ 'ಸಹಕಾರ ಸಾರಿಗೆ' ಎಂದೇ ಕರೆದರು.

'ನಿಲ್ದಾಣ'ವೂ ಗೆದ್ದ ಪದ. ನಿಲ್ ಎಂಬುದರ ಮುಂದೆ ತಾಣ ಬಂದು, ತಕಾರಕ್ಕೆ ದಕಾರವು ಆದೇಶವಾಗಿ, ಒಂದಕ್ಷರವೂ ಹೆಚ್ಚಾಗದೆ ಅರ್ಥವು ಪೂರ್ಣವಾಗಿದೆ. ಅದೇ ಅಚ್ಚಿನಲ್ಲಿ ಎರಕ ಹೊಯ್ದ 'ತಂಗುದಾಣ'ಕ್ಕೆ ಆ ಭಾಗ್ಯ ಬರಲಿಲ್ಲ. ರಸ್ತೆಯ ಪಕ್ಕದ ಚಾವಣಿಗಳ ಮೇಲೆಲ್ಲ 'ಪ್ರಯಾಣಿಕರ ತಂಗುದಾಣ' ಎಂದು ಬರೆದಿದೆ. ಜನರು ಅದನ್ನು ಓದಿ, ಬಸ್ ಸ್ಟಾಪಿನಲ್ಲಿ ನಿಂತಿದ್ದೇವೆಂದು ಹೇಳುತ್ತಾರೆ. ಇಲ್ಲಿ ಜನರ ಕಿವಿಯೇ ಸೂಕ್ಷ್ಮವಾದುದು. ತಂಗುವುದೆಂದರೆ ರಾತ್ರಿ ಉಳಿಯುವುದು. ಕಾಲುಗಂಟೆ ಬಿಸಿಲಿಗೆ ಮರೆಯಾಗಿ ನಿಂತವನು ತಂಗಿದವನಲ್ಲ. ನಿಜವಾಗಿ ತಂಗುವುದು ಬಸ್ಸೇ. ಸಂಜೆ ಕೊನೆಯ ಹಳ್ಳಿಗೆ ಹೋಗಿ ಅಲ್ಲಿಯೇ ಉಳಿದು ಬೆಳಗಿನ ಜಾವ ಶಾಲೆಯ ಮಕ್ಕಳನ್ನೂ ಹಾಲಿನವರನ್ನೂ ಹತ್ತಿಸಿಕೊಂಡು ಹಿಂದಿರುಗುವ ಆ ಬಸ್ಸಿಗೆ ಉತ್ತರ ಕರ್ನಾಟಕದವರು 'ವಸ್ತಿ ಬಸ್ಸು' ಎಂದು ಹೆಸರಿಟ್ಟಿದ್ದಾರೆ. ಸಂಸ್ಕೃತದ ವಸತಿಯು ಇಷ್ಟು ಹಿತವಾಗಿ ಹಳ್ಳಿಯ ಬಾಯಲ್ಲಿ ಕರಗಿರುವಾಗ ದಕ್ಷಿಣದ ಜಿಲ್ಲೆಗಳವರು 'ನೈಟ್ ಹಾಲ್ಟ್' ಎಂದು ಏಕೆ ಹೇಳಬೇಕೋ ತಿಳಿಯದು.

ಇಲ್ಲಿಗೆ ಒಂದು ನಿಯಮವು ತೋರಿಬರುತ್ತದೆ. ಬಾಯಲ್ಲಿ ಮೊದಲೇ ಒಂದು ಪದವಿದ್ದಲ್ಲಿ ಇಲಾಖೆಯ ಪದವು ಅದನ್ನು ಸ್ಥಳದಿಂದ ಕದಲಿಸಲಾರದೆ ಹೋಯಿತು. ವಸ್ತುವೋ ಸೌಕರ್ಯವೋ ಇಲಾಖೆಯಿಂದಲೇ ಬಂದಲ್ಲಿ ಅದರೊಡನೆ ಬಂದ ಪದವೂ ನಿಂತಿತು. ನಡುವೆ ಎಲ್ಲಿಯೂ ನಿಲ್ಲದ ಬಸ್ಸಿಗೆ 'ತಡೆರಹಿತ' ಎಂಬ ಫಲಕ, ಕೇಳಿಕೊಂಡವರಿಗಾಗಿ ಮಾತ್ರ ನಿಲ್ಲಿಸುವ ಎಡೆಗೆ 'ಕೋರಿಕೆಯ ನಿಲುಗಡೆ' ಎಂಬ ಹೆಸರು - ಇವು ಇಂಗ್ಲಿಷಿನ ನೆರಳಾದರೂ ನೆರಳೆಂದು ತೋರದಷ್ಟು ಸಹಜವಾಗಿವೆ. 'ಕೋರಿಕೆಯ ನಿಲುಗಡೆ' ಎಂಬುದರಲ್ಲಿ ಒಂದು ವಿನಯವೂ ಇದೆ. ಘಟಕ, ವಿಭಾಗ ಎಂಬುವು ಮಾತ್ರ ಕಚೇರಿಯ ಗೋಡೆಯನ್ನು ದಾಟಲಿಲ್ಲ. ಹೊರಗೆ ಡಿಪೋ ಎಂಬುದೇ ನಡೆಯುತ್ತಿದೆ.

ಬಸ್ಸಿನೊಳಗಿನ ಮಾತಿಗೆ ಬರೋಣ. ಕಂಡಕ್ಟರ ಬಾಯಲ್ಲಿ 'ರೈಟ್' ಎಂದರೆ ಸರಿ ಎಂದೂ ಅಲ್ಲ, ಬಲಗಡೆ ಎಂದೂ ಅಲ್ಲ, ಹೊರಡು ಎಂದರ್ಥ. 'ಹೋಲ್ಡಾನ್' ಎಂದರೆ ನಿಲ್ಲಿಸು. ಮೂಲದಲ್ಲಿ ಏನೇ ಇರಲಿ, ಕನ್ನಡದಲ್ಲಿ ಇವೆರಡೂ ವಿಧ್ಯರ್ಥದ ಕ್ರಿಯಾಪದಗಳಾಗಿಬಿಟ್ಟಿವೆ. ಅದೂ ಒಬ್ಬನು ಇನ್ನೊಬ್ಬನಿಗೆ ಮಾತ್ರ ಹೇಳುವಂತಹ, ಬೇರೆಲ್ಲಿಯೂ ಬಳಕೆಯಿಲ್ಲದ ಕ್ರಿಯಾಪದಗಳು. ಟಿಕೇಟಿನ ವಿಷಯದಲ್ಲಿ ಪ್ರಾಂತಭೇದವು ಸ್ಪಷ್ಟವಾಗಿ ಕೇಳುತ್ತದೆ. ಮೈಸೂರಿನ ಕಡೆ "ಟಿಕೇಟ್ ತಗೊಳ್ಳಿ" ಎನ್ನುವಲ್ಲಿ ಧಾರವಾಡದ ಕಡೆ "ಟಿಕೀಟ ತಗಸ್ರಿ" ಎನ್ನುತ್ತಾರೆ. ಮರಾಠಿಯಲ್ಲಿಯೂ ಟಿಕೇಟನ್ನು ತೆಗೆಯುವ ಪ್ರಯೋಗವಿರುವುದರಿಂದ ಇದು ಮುಂಬಯಿ ಆಡಳಿತದ ಕಾಲದ ಕೊಡುಗೆಯಾಗಿರಬಹುದು. ಬೆಳಗಾವಿಯ ಗಡಿಯಲ್ಲಿ ಹಿರಿಯರು ಸರ್ಕಾರಿ ಬಸ್ಸನ್ನು 'ಎಸ್.ಟಿ.' ಎನ್ನುವುದೂ ಆ ಕಾಲದ ನೆನಪೇ. ಒಂದೇ ನಾಡಾಗಿ ಇಷ್ಟು ದಶಕಗಳು ಕಳೆದ ಮೇಲೂ ೧೯೫೬ಕ್ಕೆ ಹಿಂದಿನ ಸೀಮೆಗಳನ್ನು ಬಸ್ಸಿನ ಮಾತಿನಲ್ಲಿ ಗುರುತಿಸಬಹುದಾಗಿದೆ.

ಬಸ್ಸುಗಳ ನಾಮಕರಣದಲ್ಲಿ ಮಾತ್ರ ನಿಗಮಕ್ಕೆ ಎದುರಾಳಿಯೇ ಇರಲಿಲ್ಲ. ವೇಗದೂತ ಎಂಬ ಹೆಸರನ್ನು ಕೇಳಿದೊಡನೆ ಕಾಳಿದಾಸನ ಕಾವ್ಯದ ಹೆಸರು ನೆನಪಾಗದಿರದು; ಇಟ್ಟವರು ಸಾಹಿತ್ಯವನ್ನು ಓದಿದವರಾಗಿರಬೇಕು. ಆಮೇಲೆ ರಾಜಹಂಸ, ಐರಾವತ, ಅಂಬಾರಿ, ೨೦೨೩ರಲ್ಲಿ ಪಲ್ಲಕ್ಕಿ, ೨೦೨೪ರಲ್ಲಿ ಅಶ್ವಮೇಧ. ಬೆಂಗಳೂರಿನಲ್ಲಿ ವಜ್ರ, ವಿಮಾನನಿಲ್ದಾಣಕ್ಕೆ ವಾಯುವಜ್ರ. ಬಿಳಿಯ ಬಸ್ಸಿಗೆ ಐರಾವತವೆಂಬುದು ಚೆನ್ನಾಗಿ ಒಪ್ಪಿತು. ಆ ಹೆಸರು ಜನರ ಬಾಯಿಗೂ ಹತ್ತಿತು. ಕಲಬುರಗಿಯ ನಿಗಮವು ತನ್ನ ಮಲಗುವ ಬಸ್ಸಿಗೆ 'ಅಮೋಘವರ್ಷ'ನೆಂದು ಹೆಸರಿಟ್ಟಿದೆ. ಕವಿರಾಜಮಾರ್ಗದ ಕಾಲದ ಆ ರಾಷ್ಟ್ರಕೂಟ ದೊರೆಯ ರಾಜಧಾನಿ ಮಾನ್ಯಖೇಟವು ಆ ಜಿಲ್ಲೆಯ ಮಳಖೇಡವೇ ಆಗಿರುವುದರಿಂದ ಈ ಹೆಸರಿಗೆ ನೆಲದ ಸಂಬಂಧವಿದೆ. ಅಶ್ವಮೇಧದ ವಿಷಯದಲ್ಲಿ ಅಷ್ಟು ಸಮಾಧಾನವಿಲ್ಲ. ಯಾಗದ ಕುದುರೆಯು ದೇಶವನ್ನೆಲ್ಲ ಸುತ್ತುವುದೇನೋ ದಿಟ. ಸುತ್ತಿ ಬಂದಮೇಲೆ ಅದರ ಗತಿಯೇನೆಂಬುದು ಲಕ್ಷ್ಮೀಶನನ್ನು ಪಾಠ ಹೇಳುವವರಿಗೆ ಗೊತ್ತಿದೆ.

ಈ ಹೆಸರುಗಳನ್ನು ಒಟ್ಟಿಗೆ ನೋಡಿದರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಎಲ್ಲವೂ ದೇವರಾಜರ ವಾಹನಗಳು, ಅರಮನೆಯ ವಸ್ತುಗಳು. ಹಳ್ಳಿಗೆ ಹೋಗುವ ಸಾಮಾನ್ಯ ಬಸ್ಸಿಗೆ ನಿಗಮವು ಯಾವ ಬಿರುದನ್ನೂ ಕೊಡಲಿಲ್ಲ. ಅದಕ್ಕೆ ಹೆಸರು ಕೊಟ್ಟವರು ಜನರೇ: 'ಕೆಂಪು ಬಸ್ಸು'. ಕೆಂದಾವರೆಯಂತೆ 'ಕೆಂಬಸ್ಸು' ಎಂದಿದ್ದರೆ ವೈಯಾಕರಣರಿಗೆ ಸಂತೋಷವಾಗುತ್ತಿತ್ತು. ೨೦೨೩ರ ಜೂನ್ ೧೧ರಂದು ಜಾರಿಗೆ ಬಂದ 'ಶಕ್ತಿ' ಯೋಜನೆಯಲ್ಲಿ ರಾಜ್ಯದ ಸ್ತ್ರೀಯರಿಗೆ ಉಚಿತ ಪ್ರಯಾಣ ದೊರೆತುದು ಈ ಸಾಮಾನ್ಯ ಬಸ್ಸುಗಳಲ್ಲಿ ಮತ್ತು ವೇಗದೂತಗಳಲ್ಲಿ. ಐರಾವತ ಪಲ್ಲಕ್ಕಿಗಳಲ್ಲಿ ಅಲ್ಲ. ಆಗ ಅವರ ಕೈಗೆ ಬಂದ ಚೀಟಿಗೆ 'ಶೂನ್ಯ ಟಿಕೇಟು' ಎಂದು ಹೆಸರಾಯಿತು. ಶೂನ್ಯಸಂಪಾದನೆಯ ಶೂನ್ಯಕ್ಕೂ ಈ ಶೂನ್ಯಕ್ಕೂ ಸಂಬಂಧವಿಲ್ಲವೆಂದು ಹೇಳಬೇಕಾದುದಿಲ್ಲ. ಆದರೆ ಸಂತೆಗೆ ಹೊರಟವರು ತರಕಾರಿಯ ಚೀಲದೊಡನೆ ದಿನವೂ ಹಿಡಿಯುವ ಪದವಾಗಿ ಅದು ಇಳಿದುಬಂದುದು ಪದಚರಿತ್ರೆಯಲ್ಲಿ ಗಮನಾರ್ಹವಾದುದು.

ಇದುವರೆಗೆ ಹೇಳಿದುದರಲ್ಲಿ ಚಿಂತೆಗೆ ಎಡೆಯಿಲ್ಲ. ಜನರು ತಮಗೆ ಬೇಕಾದುದನ್ನು ಇಟ್ಟುಕೊಂಡು ಬೇಡದುದನ್ನು ಬಿಟ್ಟಿದ್ದಾರೆ. ಚಿಂತೆಗೆ ಕಾರಣವಾದುದು ಬಸ್ಸಿನ ಫಲಕದ ಮೇಲಿನ ಊರ ಹೆಸರು. ೨೦೧೪ರ ನವೆಂಬರ್ ಒಂದರಂದು ೧೨ ನಗರಗಳ ಹೆಸರುಗಳನ್ನು ಸರ್ಕಾರವು ತಿದ್ದಿದಾಗ ಕನ್ನಡ ಫಲಕಗಳಲ್ಲಿ ಬೆಂಗಳೂರು, ಮೈಸೂರು, ತುಮಕೂರುಗಳಿಗೆ ಏನನ್ನೂ ಮಾಡಬೇಕಾಗಲಿಲ್ಲ. ಅವು ಮೊದಲಿಂದಲೂ ಹಾಗೆಯೇ ಇದ್ದುವು. ತಿದ್ದಬೇಕಾಗಿದ್ದುದು ಬಹುಮಟ್ಟಿಗೆ ರೋಮನ್ ಲಿಪಿಯ ಬರಹವನ್ನು. ಮಂಗಳೂರಿನಿಂದ ಕಾಸರಗೋಡಿಗೆ ಹೋಗುವ ಕರ್ನಾಟಕದ ಬಸ್ಸುಗಳು ಗೋವಿಂದ ಪೈಗಳ ಮಂಜೇಶ್ವರವನ್ನು ಹಾದುಹೋಗುವಾಗ, ರಾಜ್ಯದ ಗಡಿಯ ಆಚೆಗೂ 'ಕಾಸರಗೋಡು' ಎಂಬ ಕನ್ನಡದ ರೂಪವನ್ನು ಹೊತ್ತು ಸಾಗುತ್ತವೆ. ಅಲ್ಲಿಯ ಕನ್ನಡಿಗರಿಗೆ ಇದು ಸಣ್ಣ ವಿಷಯವಲ್ಲ. ಊರ ಹೆಸರುಗಳ ಮಟ್ಟಿಗೆ ಫಲಕವು ಹೀಗೆ ಕಾವಲುಗಾರನಾಗಿ ನಿಂತಿದೆ.

ಆದರೆ ಅದೇ ಕಾವಲುಗಾರನು ಬೇರೊಂದು ಕಡೆ ಕಳ್ಳನಾಗಿದ್ದಾನೆ. ಹೆಗ್ಗಡದೇವನಕೋಟೆಯು ಫಲಕದಲ್ಲಿ 'ಎಚ್.ಡಿ. ಕೋಟೆ' ಆಗಿದೆ, ತಿರುಮಕೂಡಲು ನರಸೀಪುರವು 'ಟಿ. ನರಸೀಪುರ', ಕೃಷ್ಣರಾಜಪೇಟೆಯು 'ಕೆ.ಆರ್. ಪೇಟೆ', ಹಗರಿಬೊಮ್ಮನಹಳ್ಳಿಯು 'ಎಚ್.ಬಿ. ಹಳ್ಳಿ', ಬಿಳಿಗಿರಿರಂಗನ ಬೆಟ್ಟವು 'ಬಿ.ಆರ್. ಹಿಲ್ಸ್'. ಮೊಟಕು ಮಾಡುವುದು ತಪ್ಪೆಂದು ನಾನು ಹೇಳುವುದಿಲ್ಲ; ಮೊಟಕು ಮಾಡಿದುದು ಕನ್ನಡದ ಅಕ್ಷರಗಳಿಂದಲ್ಲ, ರೋಮನ್ ಅಕ್ಷರಗಳ ಹೆಸರುಗಳನ್ನು ಕನ್ನಡದಲ್ಲಿ ಬರೆದು ಎಂಬುದೇ ಆಕ್ಷೇಪ. ಇದರಿಂದ ಆಗುವ ನಷ್ಟವೇನೆಂಬುದನ್ನು ಶಾಸನಗಳನ್ನು ಓದುವವರು ಬಲ್ಲರು. ಹೆಗ್ಗಡೆ ಎಂಬುದು ಶಾಸನಗಳ ಪೆರ್ಗಡೆ, ಒಂದು ಅಧಿಕಾರದ ಹೆಸರು. 'ಎಚ್' ಎಂಬುದರಲ್ಲಿ ಅದು ಅಳಿಸಿಹೋಯಿತು. ತಿರುಮಕೂಡಲು ಎಂಬುದರಲ್ಲಿ ಕಾವೇರಿ ಕಪಿಲೆಗಳ ಕೂಡಲು, ಎಂದರೆ ಸಂಗಮ, ಇದೆ. 'ಟಿ' ಎಂಬುದರಲ್ಲಿ ಯಾವ ನದಿಯೂ ಇಲ್ಲ. ಕೃಷ್ಣರಾಜಪೇಟೆಗೆ ಹಿಂದೆ ಅತ್ತಿಕುಪ್ಪೆ ಎಂದು ಹೆಸರಿತ್ತು. ಅತ್ತಿಯ ಮರವನ್ನು ತೆಗೆದು ಅರಸನ ಹೆಸರನ್ನಿಟ್ಟರು. ಈಗ ಅರಸನೂ ಎರಡು ಅಕ್ಷರಗಳಾಗಿ ಮರೆಯಾಗಿದ್ದಾನೆ. ಆ ಊರಿನ ಶಾಲೆಯ ಮಕ್ಕಳನ್ನು ಊರಿನ ಪೂರ್ಣ ಹೆಸರೇನೆಂದು ಕೇಳಿದರೆ ಎಷ್ಟು ಮಂದಿ ಹೇಳುವರೋ ಉಪಾಧ್ಯಾಯರೇ ವಿಚಾರಿಸಿ ನೋಡಬಹುದು.

ಇದು ಅನಿವಾರ್ಯವೇನೂ ಅಲ್ಲವೆಂಬುದಕ್ಕೆ ನಿಗಮದ ಹೆಸರೇ ನಿದರ್ಶನ. ಅದನ್ನು 'ಕ.ರಾ.ರ.ಸಾ.ನಿ.' ಎಂದು ಕನ್ನಡದ ಮೊದಲಕ್ಷರಗಳಿಂದ ಮೊಟಕು ಮಾಡುವ ಪದ್ಧತಿ ಬಹುಕಾಲದಿಂದ ಇದೆ. ಇಂಗ್ಲಿಷಿನ ನಾಲ್ಕೈದು ಅಕ್ಷರಗಳ ಮೊಟಕಾದರೋ ಕೇರಳದ ಸಂಸ್ಥೆಗೂ ಒಂದೇ ಆಗಿದ್ದುದರಿಂದ ಅದರ ಒಡೆತನಕ್ಕಾಗಿ ವ್ಯಾಜ್ಯವೇ ನಡೆದು, ೨೦೨೩ರ ಡಿಸೆಂಬರಿನಲ್ಲಿ ಮದರಾಸಿನ ಉಚ್ಚ ನ್ಯಾಯಾಲಯವು ಕೇರಳದ ಸಂಸ್ಥೆಯ ಅರ್ಜಿಯನ್ನು ತಳ್ಳಿಹಾಕಿತು. 'ಕರ್ನಾಟಕ ಸಾರಿಗೆ' ಎಂದು ಬಸ್ಸಿನ ಪಕ್ಕದಲ್ಲಿ ಬರೆದಿರುವ ಹೆಸರಿಗೆ ಯಾರೂ ವ್ಯಾಜ್ಯ ಹೂಡುವಂತಿಲ್ಲ. ನಿಗಮಕ್ಕೆ ಸಲ್ಲುವ ನ್ಯಾಯ ಊರುಗಳಿಗೂ ಸಲ್ಲಬೇಕು: 'ಹೆ.ದೇ. ಕೋಟೆ', 'ತಿ. ನರಸೀಪುರ', 'ಕೃ.ರಾ. ಪೇಟೆ' ಎಂದು ಬರೆದರೆ ಪೂರ್ಣ ಹೆಸರಿನ ಕಡೆಗೆ ಒಂದು ಕಿಂಡಿಯಾದರೂ ತೆರೆದಿರುತ್ತದೆ.

ತಗಡಿನ ಮೇಲೆ ಕುಂಚದಿಂದ ಬರೆಯುತ್ತಿದ್ದ ಕಾಲದಲ್ಲಿ ಸ್ಥಳ ಸಾಲದೆಂಬ ಸಮಾಧಾನವಿತ್ತು. ಈಚೆಗೆ ಬಸ್ಸುಗಳ ಹಣೆಯಲ್ಲಿ ವಿದ್ಯುದ್ದೀಪಗಳ ಚುಕ್ಕೆಗಳಿಂದ ಅಕ್ಷರ ಮೂಡಿಸುವ ಫಲಕಗಳು ಬಂದಿವೆ. ಅವುಗಳಲ್ಲಿ ಒತ್ತಕ್ಷರಗಳು ಕೆಲವೊಮ್ಮೆ ಮೇಲಿನ ಅಕ್ಷರದೊಡನೆ ಕಲೆತು ಓದಲು ತೊಡಕಾಗುವುದುಂಟು. ಚುಕ್ಕೆಗಳ ಸಾಲುಗಳನ್ನು ಹೆಚ್ಚಿಸಿದರೆ ಆ ದೋಷ ಹೋಗುತ್ತದೆ. ಆದರೆ ಈ ಫಲಕದಲ್ಲಿ ಅಕ್ಷರಗಳು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಯುತ್ತ ಹೋಗುತ್ತವೆಯಾದುದರಿಂದ ಸ್ಥಳಾಭಾವವೆಂಬ ಮಾತಿಗೆ ಈಗ ಎಡೆಯಿಲ್ಲ. ಹೆಗ್ಗಡದೇವನಕೋಟೆಯ ಎಂಟು ಅಕ್ಷರಗಳು ಸರಿದುಹೋಗಲು ಕೆಲವೇ ಕ್ಷಣಗಳು ಸಾಕು.